ಎದುರು ಅಂಚಿನಲ್ಲಿ ನಿಂತವರ ಲೆಕ್ಕ

ಸಂಪಾದಕರಿಗೆ ನಮಸ್ಕಾರ.

ಕಂಪನಿಗಳ ತರಬೇತಿ ಕೋಣೆ, ಎಂಬಿಎ ತರಗತಿ, ಶಿಕ್ಷಕರ ಕಾರ್ಯಾಗಾರ ಎಲ್ಲೇ ಇರಲಿ, ಪುಟ್ಟ ಅನಿಮೇಷನ್ ಚಿತ್ರವೊಂದನ್ನು ತೋರಿಸಿ ತಂಡದ ಪಾಠ ಹೇಳುವುದು ಈಗ ವಾಡಿಕೆಯಾಗಿದೆ. ಮಾತಿಲ್ಲದ ಚಿತ್ರಕ್ಕೆ ಭಾಷೆಯ ತೊಡಕಿಲ್ಲ, ಸಮಯವೂ ಹೆಚ್ಚು ಬೇಡ. ಹೀಗೆ ತೋರಿಸುವ ಚಿತ್ರಗಳಲ್ಲಿ ‘ಬ್ಯಾಲೆನ್ಸ್’ ಒಂದು. ಜರ್ಮನಿಯ ಅವಳಿ ಸಹೋದರರಾದ ಕ್ರಿಸ್ಟೋಫ್ ಮತ್ತು ವೋಲ್ಫ್‌ಗಾಂಗ್ ಲಾವೆನ್‌ಸ್ಟೈನ್ 1989ರಲ್ಲಿ ಮಾಡಿದ, ಕಿರು ಅನಿಮೇಷನ್ ವಿಭಾಗದಲ್ಲಿ ಆಸ್ಕರ್ ಪಡೆದ ಗೊಂಬೆ ಚಿತ್ರ ಅದು. ಚಿತ್ರ ಮುಗಿದು ದೀಪ ಹಾಕಿದ ಕೂಡಲೇ ಬರುವ ಮಾತು ಹೆಚ್ಚಾಗಿ ಒಂದೇ: ‘ದುರಾಸೆಯಿಂದ ತಂಡ ಹಾಳಾಗುತ್ತದೆ, ಆದ್ದರಿಂದ ಹೊಂದಿಕೊಂಡು ಹೋಗೋಣ.’ ಎಲ್ಲರೂ ತಲೆಯಾಡಿಸುತ್ತಾರೆ, ಊಟಕ್ಕೆ ಏಳುತ್ತಾರೆ. ಮರುದಿನ ಕಚೇರಿಯಲ್ಲಿ ಏನೂ ಬದಲಾಗಿರುವುದಿಲ್ಲ. ಆ ಚಿತ್ರದಲ್ಲಿ ಇದಕ್ಕಿಂತ ಬಹಳ ಹೆಚ್ಚು ಉಪಯೋಗಕ್ಕೆ ಬರುವ ಒಂದು ಲೆಕ್ಕವಿದೆ. ಅದನ್ನು ಬಿಡಿಸಿ ಹೇಳಬೇಕೆಂದೇ ಈ ಪತ್ರ ಬರೆಯುತ್ತಿದ್ದೇವೆ. ಸ್ವಲ್ಪ ಉದ್ದವಾಗಿದೆ, ಮನ್ನಿಸಬೇಕು.

ಕಥೆ ಇಷ್ಟೇ. ಶೂನ್ಯದಲ್ಲಿ ತೇಲುವ ಒಂದು ಚಪ್ಪಟೆ ಹಲಗೆ. ಅದರ ಮೇಲೆ ಉದ್ದ ಕೋಟಿನ, ಬೋಳುತಲೆಯ ಐವರು. ಐವರೂ ಒಂದೇ ಅಚ್ಚಿನಂತಿದ್ದಾರೆ. ಗುರುತಿಗೆ ಬೆನ್ನಿನ ಮೇಲೊಂದು ಸಂಖ್ಯೆ ಬಿಟ್ಟರೆ ಹೆಸರಿಲ್ಲ, ಮಾತಿಲ್ಲ. ಒಬ್ಬ ಒಂದು ಹೆಜ್ಜೆ ಹೊರಕ್ಕಿಟ್ಟರೆ ಹಲಗೆ ವಾಲುತ್ತದೆ, ಉಳಿದವರು ಆ ಹೆಜ್ಜೆಗೆ ಸರಿದೂಗುವಂತೆ ಬೇರೆ ದಿಕ್ಕಿಗೆ ಸರಿಯುತ್ತಾರೆ. ಐವರೂ ಅಂಚಿಗೆ ಬಂದು ಕೋಟಿನೊಳಗಿಂದ ಗಾಳ ತೆಗೆದು ಬೀಸುತ್ತಾರೆ. ಒಬ್ಬನ ಗಾಳಕ್ಕೆ ಭಾರವಾದ ಪೆಟ್ಟಿಗೆಯೊಂದು ಸಿಕ್ಕಿ ಮೇಲೆ ಬರುತ್ತದೆ. ಅದರೊಳಗಿಂದ ಸಂಗೀತ ಕೇಳುತ್ತದೆ. ಪ್ರತಿಯೊಬ್ಬನಿಗೂ ಅದರ ಹತ್ತಿರ ಹೋಗುವ ಆಸೆ. ಹಲಗೆ ವಾಲುತ್ತದೆ, ಪೆಟ್ಟಿಗೆ ಜಾರುತ್ತದೆ, ಒಬ್ಬೊಬ್ಬರಾಗಿ ಅಂಚಿನಿಂದ ಕೆಳಗೆ ಹೋಗುತ್ತಾರೆ. ಕೊನೆಗೆ ಉಳಿಯುವುದು ಒಬ್ಬನೇ. ಅವನು ಒಂದು ಮೂಲೆಯಲ್ಲಿ, ಪೆಟ್ಟಿಗೆ ಎದುರು ಮೂಲೆಯಲ್ಲಿ. ಒಂದು ಹೆಜ್ಜೆ ಮುಂದಿಟ್ಟರೂ ಎರಡೂ ಹೋದಂತೆಯೇ.

ಆಸೆ ಇದ್ದದ್ದು ಐವರಿಗೂ ಎಂಬುದನ್ನು ಮೊದಲು ಗಮನಿಸಬೇಕು. ಸಂಗೀತ ಕೇಳಬೇಕೆನ್ನುವುದು ತಪ್ಪೂ ಅಲ್ಲ. ಪೆಟ್ಟಿಗೆ ಬರುವವರೆಗೆ ಅವರ ನಡುವೆ ಒಂದು ನಿಯಮ ಕೆಲಸ ಮಾಡುತ್ತಿತ್ತು: ‘ನೀನು ಆ ಕಡೆ ಸರಿದರೆ ನಾನು ಈ ಕಡೆ ಸರಿಯುತ್ತೇನೆ.’ ಐವರದೂ ಒಂದೇ ತೂಕವಾಗಿದ್ದರಿಂದ, ಎಲ್ಲರಿಗೂ ಎಲ್ಲರೂ ಕಾಣುತ್ತಿದ್ದರಿಂದ ಆ ನಿಯಮವನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಪೆಟ್ಟಿಗೆ ಬಂದ ಕ್ಷಣ ಲೆಕ್ಕ ಬದಲಾಯಿತು, ನಿಯಮ ಮಾತ್ರ ಹಳೆಯದೇ ಉಳಿಯಿತು. ಹೊಸ ಆರ್ಡರ್, ಹೊಸ ಯಂತ್ರ, ಹೊಸ ಅನುದಾನ ಬಂದ ಮೇಲೆ ಚೆನ್ನಾಗಿದ್ದ ತಂಡಗಳು ಜಗಳಕ್ಕೆ ಬೀಳುವುದು ಹೆಚ್ಚಾಗಿ ಇದೇ ಜಾಗದಲ್ಲಿ.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರ ತಲೆಗೂ ಇಳಿಯುವುದಿಲ್ಲ, ಕೈಯಿಂದ ಮಾಡಿಸಬೇಕು. ಬೇಕಾದ ಸಾಮಾನಿಗೆ ಹೆಚ್ಚು ಖರ್ಚಿಲ್ಲ. 45 ಸೆಂ.ಮೀ. ಚೌಕದ, 6 ಮಿ.ಮೀ. ದಪ್ಪದ ಪ್ಲೈವುಡ್ ತುಂಡು ಒಂದು. ಅದು ಸುಮಾರು 700ರಿಂದ 750 ಗ್ರಾಂ ತೂಗುತ್ತದೆ. ಮರಳು ತುಂಬಿದ 200 ಗ್ರಾಂ ತೂಕದ ಪುಟ್ಟ ಡಬ್ಬಿಗಳು ಐದು. 500 ಗ್ರಾಂ ತೂಕದ ಪೆಟ್ಟಿಗೆ ಒಂದು. ಬುಡ 6 ಸೆಂ.ಮೀ. ಅಗಲವಿರುವ ಸ್ಟೀಲ್ ಲೋಟ ಒಂದು. ಅದನ್ನು ಮೇಜಿನ ಮೇಲೆ ಬೋರಲು ಹಾಕಿ, ಬುಡದ ಮೇಲೆ ಹಲಗೆಯ ನಟ್ಟನಡು ಕೂರುವಂತೆ ಇಡಬೇಕು. ಹಲಗೆಯ ಮಧ್ಯಬಿಂದುವಿನಿಂದ 10 ಸೆಂ.ಮೀ.ಗೊಂದು, 20 ಸೆಂ.ಮೀ.ಗೊಂದು ವೃತ್ತ ಎಳೆದರೆ ಆಟ ಸಿದ್ಧ. ಐವರು ಆಟಗಾರರು, ತಲಾ ಒಂದು ಡಬ್ಬಿ. ತನ್ನ ಡಬ್ಬಿಯನ್ನು ಬಿಟ್ಟು ಬೇರೆಯವರದನ್ನು ಯಾರೂ ಮುಟ್ಟುವಂತಿಲ್ಲ. ಪೆಟ್ಟಿಗೆಯನ್ನು ಮುಟ್ಟಲು, ಅದರ ಪಕ್ಕಕ್ಕೆ ಡಬ್ಬಿ ತಂದಿಟ್ಟವರಿಗೆ ಮಾತ್ರ ಅವಕಾಶ.

ಮೊದಲ ಸಲ ಮಾಡುವವರು ಸಣ್ಣ ಸಣ್ಣ ಕಡೆ ಎಡವುತ್ತಾರೆ. ಲ್ಯಾಮಿನೇಟ್ ಹಾಕಿದ ನುಣುಪು ಹಲಗೆಯಾದರೆ ಚೂರು ವಾಲಿದ ಕೂಡಲೇ ಎಲ್ಲ ಜಾರಿಬಿಡುತ್ತದೆ. ಒರಟು ಪ್ಲೈವುಡ್ಡೇ ಸರಿ, ಇಲ್ಲವೇ ಡಬ್ಬಿಗಳ ಬುಡಕ್ಕೆ ಉಪ್ಪುಕಾಗದ ಅಂಟಿಸಬೇಕು. ಡಬ್ಬಿಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ವ್ಯತ್ಯಾಸ 5 ಗ್ರಾಂ ಮೀರದಂತೆ ನೋಡಿಕೊಳ್ಳಬೇಕು. ಕಣ್ಣಂದಾಜಿನಲ್ಲಿ ತುಂಬಿದರೆ ‘ನನ್ನ ಡಬ್ಬಿಯೇ ಭಾರ’ ಎಂಬ ವಾದದಲ್ಲೇ ಸಮಯ ಹೋಗುತ್ತದೆ. ಮೇಜು ಮಟ್ಟವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡಿ. ಬಿದ್ದ ಡಬ್ಬಿಗಳ ಸದ್ದಿಗೆ ಪಕ್ಕದ ಕೋಣೆಯವರು ಬರದಿರಲಿ, ಮೇಜಿಗೊಂದು ದಪ್ಪ ಬಟ್ಟೆ ಹಾಸಿ.

ಈಗ ಲೆಕ್ಕಕ್ಕೆ ಬರೋಣ. ತಕ್ಕಡಿ ಗೊತ್ತಿದ್ದವರಿಗೆಲ್ಲ ಗೊತ್ತಿರುವ ಲೆಕ್ಕವೇ: ತೂಕವನ್ನು ನಡುವಿನಿಂದಿರುವ ದೂರಕ್ಕೆ ಗುಣಿಸಿದರೆ ವಾಲಿಸುವ ಬಲ ಸಿಗುತ್ತದೆ. 500 ಗ್ರಾಂ ಪೆಟ್ಟಿಗೆ 20 ಸೆಂ.ಮೀ. ದೂರದಲ್ಲಿದ್ದರೆ ಅದರ ಬಲ 10,000. ಅದರ ಪಕ್ಕದಲ್ಲೇ ಒಬ್ಬ ತನ್ನ 200 ಗ್ರಾಂ ಡಬ್ಬಿ ಇಟ್ಟರೆ ಇನ್ನೊಂದು 4,000 ಸೇರಿ 14,000. ಎದುರು ಅಂಚಿನಲ್ಲಿ ನಿಂತ ಒಬ್ಬೊಬ್ಬ ಕೊಡುವುದು 4,000 ಮಾತ್ರ. ಪೂರ್ತಿ ಸರಿದೂಗಬೇಕಾದರೆ ಮೂರೂವರೆ ಜನ ಬೇಕು, ಅಂದರೆ ನಾಲ್ವರು. ಒಬ್ಬ ಸಂಗೀತ ಕೇಳಬೇಕಾದರೆ ನಾಲ್ವರು ಎದುರು ಅಂಚಿನಲ್ಲಿ, ಪೆಟ್ಟಿಗೆಯಿಂದ ಅತಿ ದೂರದಲ್ಲಿ, ಅಲುಗಾಡದೆ ನಿಲ್ಲಬೇಕು. ಅವರು ಬರೀ ನಿಂತಂತೆ ಕಾಣುತ್ತದೆ, ಆದರೆ ಅವರು ನಿಂತಿರುವುದರಿಂದಲೇ ಅವನು ಅಲ್ಲಿದ್ದಾನೆ. ನಮ್ಮ ಕಚೇರಿಗಳ ಸಂಬಳ, ಬೋನಸ್, ಸನ್ಮಾನಗಳ ಪಟ್ಟಿಯಲ್ಲಿ ಪೆಟ್ಟಿಗೆಯ ಪಕ್ಕದವನ ಹೆಸರು ಸಿಗುತ್ತದೆ, ಎದುರು ಅಂಚಿನ ನಾಲ್ವರದು ಸಿಗುವುದಿಲ್ಲ. ಈ ಚಿತ್ರದಿಂದ ಕಲಿಯಬೇಕಾದ ಮುಖ್ಯ ಸಂಗತಿ ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಆದರೆ ನಮ್ಮ ಆಟದ ಹಲಗೆ ಸೂಜಿಮೊನೆಯ ಮೇಲೆ ನಿಂತಿಲ್ಲ, 6 ಸೆಂ.ಮೀ. ಅಗಲದ ಬುಡದ ಮೇಲೆ ನಿಂತಿದೆ. ಒಟ್ಟು ಭಾರದ ಕೇಂದ್ರ ಆ ಬುಡದ ಒಳಗೆ ಇರುವವರೆಗೂ ಹಲಗೆ ಉರುಳುವುದಿಲ್ಲ. ಆದ್ದರಿಂದ ಲೋಟದ ಮೇಲೆ ಆಡುವಾಗ ಒಬ್ಬ ಪೆಟ್ಟಿಗೆಯ ಪಕ್ಕ ನಿಲ್ಲಲು, ಉಳಿದಿಬ್ಬರು ನಡುವೆ ಇದ್ದರೆ, ಎದುರು ಅಂಚಿನಲ್ಲಿ ಇಬ್ಬರಿದ್ದರೂ ಸಾಕಾಗುತ್ತದೆ. ಅದೇ ಲೋಟದ ಬುಡಕ್ಕೆ ನೀರಿನ ಬಾಟಲಿಯ 3 ಸೆಂ.ಮೀ. ಮುಚ್ಚಳ ಅಂಟಿಸಿ ಅದರ ಮೇಲೆ ಹಲಗೆ ಇಟ್ಟರೆ ಇಬ್ಬರು ಸಾಲುವುದಿಲ್ಲ, ಮೂವರು ಬೇಕಾಗುತ್ತದೆ. ಮೊದಲು ಲೋಟದ ಮೇಲೆ ಆಡಿಸಿ, ಆಮೇಲೆ ಮುಚ್ಚಳದ ಮೇಲೆ ಆಡಿಸಿ. ಅದೇ ಜನ, ಅದೇ ತೂಕ, ಅದೇ ಒಳ್ಳೆಯತನ, ಆದರೂ ಎರಡನೆಯ ಸಲ ಹಲಗೆ ಬೇಗ ಬೀಳುತ್ತದೆ. ಬಿಡುವೇ ಇಲ್ಲದ ವೇಳಾಪಟ್ಟಿ, ಒಬ್ಬರು ರಜೆ ಹಾಕಿದರೂ ನಿಂತುಹೋಗುವ ಪಾಳಿ, ಒಂದು ದಿನವೂ ಹೆಚ್ಚಿಲ್ಲದ ಗಡುವು, ಇವೆಲ್ಲ ಮುಚ್ಚಳದ ಮೇಲಿನ ಹಲಗೆಗಳು. ಅಲ್ಲಿ ಆದ ತಪ್ಪಿಗೆ ಜನರ ಸ್ವಭಾವವನ್ನು ದೂರುವ ಮೊದಲು ಬುಡದ ಅಗಲ ಎಷ್ಟಿದೆ ಎಂದು ಅಳೆಯಬೇಕು.

ಆಟವನ್ನು ಮೂರು ಸುತ್ತು ಆಡಿಸಬೇಕು, ಒಂದೊಂದು ಐದು ನಿಮಿಷ. ಮೊದಲ ಸುತ್ತು ಚಿತ್ರದಲ್ಲಿರುವಂತೆ ಮಾತಿಲ್ಲದೆ. ಎರಡನೆಯದರಲ್ಲಿ ಎಲ್ಲರೂ ಮಾತಾಡಬಹುದು. ಮೂರನೆಯದರಲ್ಲಿ ಒಬ್ಬರೇ ಹೆಜ್ಜೆ ಕೂಗುವವರು, ಉಳಿದವರು ಕೂಗಿಗೆ ತಕ್ಕಂತೆ ಸರಿಯುವವರು. ಹಲಗೆ ಎಷ್ಟು ಸಲ ಮೇಜು ಮುಟ್ಟಿತು ಎಂದು ಒಬ್ಬರು ಬರೆದಿಟ್ಟುಕೊಳ್ಳಲಿ. ಅನೇಕ ಸಲ ಎರಡನೆಯ ಸುತ್ತೇ ಅತಿ ಕೆಟ್ಟದಾಗಿರುತ್ತದೆ: ಐವರೂ ಒಟ್ಟಿಗೆ ‘ಇಲ್ಲಿ ಸರಿ, ಅಲ್ಲಿ ಸರಿ’ ಎಂದು ಕೂಗುತ್ತಾರೆ, ಒಂದೇ ವಾಲಿಕೆಯನ್ನು ಇಬ್ಬರು ಏಕಕಾಲಕ್ಕೆ ಸರಿಪಡಿಸಲು ಹೋಗಿ ಹಲಗೆ ಆಚೆ ಕಡೆಗೆ ಉರುಳುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತೇವಲ್ಲ, ಇಲ್ಲಿ ಎಲ್ಲರೂ ಒಳ್ಳೆಯದಕ್ಕೇ ಎಳೆದೂ ಹಾಗಾಗುತ್ತದೆ. ‘ಸಂವಹನ ಹೆಚ್ಚಿಸಿ’ ಎಂದು ಗೋಡೆಗೆ ಬರೆದು ಹಾಕಿದರೆ ಸಾಲದು, ಯಾರ ಕೂಗಿಗೆ ಯಾರು ಹೆಜ್ಜೆ ಇಡಬೇಕೆಂಬುದು ಮೊದಲೇ ತೀರ್ಮಾನವಾಗಿರಬೇಕು.

ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಹಗ್ಗ ಎಳೆಸಿ ಮಾಡಿದ ಅಳತೆಗಳು 1913ರಲ್ಲಿ ಪ್ರಕಟವಾದವು. ಎಂಟು ಜನ ಒಟ್ಟಾಗಿ ಎಳೆದಾಗ ಒಬ್ಬೊಬ್ಬರ ಪಾಲು, ಅವರು ಒಂಟಿಯಾಗಿ ಎಳೆಯಬಲ್ಲದ್ದರ ಸುಮಾರು ಅರ್ಧಕ್ಕೆ ಇಳಿದಿತ್ತು. ಇದನ್ನು ಸೋಮಾರಿತನ ಎಂದಷ್ಟೇ ಓದುವವರಿದ್ದಾರೆ. ಆ ನಷ್ಟದಲ್ಲಿ ಎಳೆತದ ಗಳಿಗೆ ಕೂಡಿಬರದಿರುವುದರ ಪಾಲೂ ಇದೆ. ನಮ್ಮ ಹಗ್ಗ ಜಗ್ಗಾಟದ ತಂಡಗಳಲ್ಲಿ ಪಕ್ಕದಲ್ಲಿ ನಿಂತು ‘ಹೈಸಾ’ ಎನ್ನುವವನು ಹಗ್ಗ ಮುಟ್ಟುವುದೇ ಇಲ್ಲ, ಆದರೂ ಅವನಿಲ್ಲದ ತಂಡ ಸೋಲುತ್ತದೆ.

ಕನ್ನಡ ನಾಡಿನಲ್ಲಿ ಈ ಹಲಗೆಯ ಆಟ ಹೊಸದೇನಲ್ಲ. ವಿದ್ಯುತ್ ಪಂಪು ಬರುವ ಮೊದಲು ಬಾವಿಯಿಂದ ನೀರೆತ್ತುತ್ತಿದ್ದ ಏತವನ್ನು ನೆನೆಸಿಕೊಳ್ಳಿ. ಕಂಬದ ಮೇಲೆ ಅಡ್ಡಲಾಗಿ ಕೂರಿಸಿದ ತೊಲೆ. ಅದರ ಮೇಲೆ ಒಬ್ಬನೋ ಇಬ್ಬರೋ ನಡೆಯುತ್ತಾರೆ. ಬಾವಿಯ ಕಡೆಗೆ ನಡೆದರೆ ಬಾನಿ, ಅಂದರೆ ನೀರೆತ್ತುವ ಪಾತ್ರೆ, ಇಳಿದು ನೀರು ತುಂಬಿಕೊಳ್ಳುತ್ತದೆ, ಹಿಂದಕ್ಕೆ ನಡೆದರೆ ಮೇಲೇರುತ್ತದೆ. ಕೆಳಗೆ ನಿಂತವನು ಬಾನಿಗೆ ಕಟ್ಟಿದ ಬಿದಿರಿನ ಗಳು ಹಿಡಿದು ಬಾನಿಯನ್ನು ನೇರ ಇಳಿಸಬೇಕು, ಮೇಲೆ ಬಂದಾಗ ಕಾಲುವೆಗೆ ಮಗುಚಬೇಕು. ಬಾನಿ ತುಂಬುವ ಮೊದಲೇ ಮೇಲಿನವನು ತಿರುಗಿದರೆ ಅರ್ಧ ನೀರು ಬರುತ್ತದೆ. ಮಗುಚಿ ಮುಗಿಯುವ ಮೊದಲೇ ಮುಂದಕ್ಕೆ ನಡೆದರೆ ಗಳು ಕೆಳಗಿನವನ ಕೈಯಿಂದ ಜಗ್ಗಿ ಹೋಗುತ್ತದೆ. ಮೇಲಿನವನಿಗೆ ಬಾವಿಯ ಆಳ ಸರಿಯಾಗಿ ಕಾಣದು, ಕೆಳಗಿನವನಿಗೆ ಮೇಲಿನವನ ಕಾಲು ಕಾಣದು. ಇಬ್ಬರನ್ನೂ ಕೂಡಿಸುತ್ತಿದ್ದದ್ದು ಹಾಡು. ಏತದ ಹಾಡಿನಲ್ಲಿ ಬಾನಿಗಳ ಎಣಿಕೆಯೂ ಸೇರಿರುತ್ತಿತ್ತು, ಎಷ್ಟು ನೀರಾಯಿತು ಎಂಬ ಲೆಕ್ಕವೂ ಹಾಡಿನಲ್ಲೇ ಸಿಗುತ್ತಿತ್ತು. ಇಂದು ಸರ್ಕಾರದ ‘ಏತ ನೀರಾವರಿ’ ಯೋಜನೆಗಳ ಹೆಸರಿನಲ್ಲಿ ಆ ಪದವಷ್ಟೇ ಉಳಿದಿದೆ. ಚಿತ್ರದ ಐವರಿಗೆ ಇಲ್ಲದಿದ್ದದ್ದು ಇಂಥದೊಂದು ಹಾಡು. ಅವರ ಹಲಗೆಯ ಮೇಲೆ ಕೇಳುವ ಸಂಗೀತ ಪೆಟ್ಟಿಗೆಯದು ಮಾತ್ರ, ಅದು ಅವರ ಹೆಜ್ಜೆ ಕೂಡಿಸುವುದಿಲ್ಲ.

ಸರದಿಯ ಪ್ರಕಾರ ಹಂಚಿಕೊಳ್ಳುವ ಮಾತಿಗೆ ಬಂದರೆ, ಕೆರೆಯ ನೀರು ಹಂಚುತ್ತಿದ್ದ ನೀರುಗಂಟಿಯನ್ನು ನೆನೆಯದೆ ಹೇಗೆ? ಕೋಲಾರ, ತುಮಕೂರು ಭಾಗದ ಕೆರೆಗಳಲ್ಲಿ ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ತಿರುಗಿಸುವುದು ಅವನ ಕೆಲಸ. ರೈತ ತಾನೇ ಕಾಲುವೆಗೆ ಕೈ ಹಾಕುವಂತಿರಲಿಲ್ಲ. ನೀರುಗಂಟಿಗೆ ಕೂಲಿ ಬರುತ್ತಿದ್ದದ್ದು ಎಲ್ಲ ಗದ್ದೆಗಳ ಬೆಳೆಯಲ್ಲಿ ಒಂದಿಷ್ಟು ಕಾಳಿನ ರೂಪದಲ್ಲಿ. ಕಟ್ಟಕಡೆಯ ಗದ್ದೆಗೆ ನೀರು ಮುಟ್ಟದಿದ್ದರೆ ಅಲ್ಲಿಂದ ಬರುವ ಕಾಳೂ ಇಲ್ಲ. ಹಂಚುವವನ ಹೊಟ್ಟೆಪಾಡನ್ನೇ ಎಲ್ಲರ ಬೆಳೆಗೆ ಕಟ್ಟಿಹಾಕಿದ್ದ ಏರ್ಪಾಡು ಅದು. ಆ ಕೆಲಸ ಬಹುಮಟ್ಟಿಗೆ ದಲಿತ ಕುಟುಂಬಗಳ ಪಾಲಿಗೆ ಬಂದಿತ್ತು, ಅವರಿಗೆ ಸಿಗಬೇಕಾದ ಗೌರವ ಸಿಗಲಿಲ್ಲ ಎಂಬುದನ್ನೂ ಮರೆಯಬಾರದು. ಹಳೆಯದೆಲ್ಲ ಚೆನ್ನಾಗಿತ್ತು ಎಂದು ನಾವು ಹೇಳುತ್ತಿಲ್ಲ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಓಸ್ಟ್ರಾಮ್, ಜಗತ್ತಿನ ಹಲವೆಡೆಯ ನೀರು, ಕಾಡು, ಮೀನುಗಾರಿಕೆಯ ಸಮುದಾಯಗಳನ್ನು ಅಭ್ಯಾಸ ಮಾಡಿ ಗುರುತಿಸಿದ್ದೂ ಇಂಥ ಅಂಶಗಳನ್ನೇ: ನಿಯಮವನ್ನು ಬಳಸುವವರೇ ಸೇರಿ ಮಾಡಿರಬೇಕು, ನೋಡಿಕೊಳ್ಳುವವರು ಬಳಸುವವರಿಗೆ ಉತ್ತರ ಹೇಳುವಂತಿರಬೇಕು, ಮೊದಲ ತಪ್ಪಿಗೆ ಸಣ್ಣ ದಂಡ, ಮತ್ತೆ ಮಾಡಿದರೆ ದೊಡ್ಡದು. ಚಿತ್ರದ ಹಲಗೆಯ ಮೇಲೆ ಸಣ್ಣ ದಂಡ ಎಂಬುದೇ ಇಲ್ಲ. ತಪ್ಪಿಗೆ ಸಿಗುವುದು ಒಂದೇ ಶಿಕ್ಷೆ, ಅಂಚಿನಿಂದ ಕೆಳಗೆ. ಒಬ್ಬ ಹೋದಾಗಲೆಲ್ಲ ಉಳಿದವರ ಸರಿದೂಗಿಸುವ ಬಲವೂ ಅಷ್ಟಷ್ಟೇ ಕಡಿಮೆಯಾಗುತ್ತದೆ.

ಒಂದು ಹತ್ತಿರದ ಉದಾಹರಣೆ ತೆಗೆದುಕೊಳ್ಳೋಣ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ‘ಲೈನ್ ಬ್ಯಾಲೆನ್ಸಿಂಗ್’, ಅಂದರೆ ಸಾಲಾಗಿ ಕೂತು ಹೊಲಿಯುವವರ ನಡುವೆ ಕೆಲಸವನ್ನು ಸಮನಾಗಿ ಹಂಚುವುದು, ಎಂಬ ಮಾತು ದಿನವೂ ಕೇಳುತ್ತದೆ. ಒಂದು ಅಂಗಿಯ ಲೈನಿನಲ್ಲಿ ಭುಜ ಜೋಡಿಸಲು 40 ಸೆಕೆಂಡ್, ಕಾಲರ್ ಕೂರಿಸಲು 60, ತೋಳು ಸೇರಿಸಲು 45 ಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಭುಜದವಳು ಗಂಟೆಗೆ 90 ಪೀಸ್ ಹೊಲಿಯಬಲ್ಲಳು, ಕಾಲರಿನವಳು 60, ತೋಳಿನವಳು 80. ಲೈನಿನಿಂದ ಹೊರಬರುವುದು ಗಂಟೆಗೆ 60 ಮಾತ್ರ. ಈಗ ಸೂಪರ್‌ವೈಸರ್ ಪೀಸಿಗಿಷ್ಟು ಎಂದು ಭುಜದವಳಿಗೆ ಇನ್ಸೆಂಟಿವ್ ಕೊಟ್ಟರೆ ಏನಾಗುತ್ತದೆ? ಅವಳು ಮನಸ್ಸಿಟ್ಟು 90 ಹೊಲಿಯುತ್ತಾಳೆ. ಗಂಟೆಗೆ 30 ಪೀಸ್ ಕಾಲರ್ ಮಿಷನ್ನಿನ ಮುಂದೆ ಬಿದ್ದಿರುತ್ತದೆ. ಎಂಟು ಗಂಟೆಯ ಪಾಳಿ ಮುಗಿಯುವಾಗ 240 ಪೀಸ್, ಇಪ್ಪತ್ತರ ಬಂಡಲ್ಲುಗಳಾದರೆ ಹನ್ನೆರಡು. ಅಂದು ಮಧ್ಯಾಹ್ನ ಭುಜದ ಮಿಷನ್ನಿನ ದಾರದ ಬಿಗಿ ತಪ್ಪಿದ್ದರೆ ಅದು ಗೊತ್ತಾಗುವುದು ಆ ಬಂಡಲ್ ಬಿಚ್ಚಿದಾಗ, ಅಷ್ಟರಲ್ಲಿ ಹನ್ನೆರಡನ್ನೂ ಬಿಚ್ಚಿ ಆಲ್ಟರ್ ಮಾಡಬೇಕು. ಅವಳ ಇನ್ಸೆಂಟಿವ್ ಪೂರ್ತಿ ಸಿಕ್ಕಿರುತ್ತದೆ, ಹೊರಗೆ ಹೋದ ಅಂಗಿ ಒಂದೂ ಹೆಚ್ಚಾಗಿರುವುದಿಲ್ಲ.

ಇದೇ ಲೈನಿಗೆ ಎಲ್ಲ ಕೆಲಸ ಬಲ್ಲ ಒಬ್ಬ ಫ್ಲೋಟರನ್ನು ಕರೆದು ಕಾಲರಿನವಳ ಪಕ್ಕದಲ್ಲಿ ಕೂರಿಸಿದರೆ ಕಾಲರ್ 120ಕ್ಕೆ ಏರುತ್ತದೆ, ಈಗ ತಡೆ ತೋಳಿನ ಹತ್ತಿರ, ಲೈನ್ ಗಂಟೆಗೆ 80 ಕೊಡುತ್ತದೆ. ಒಬ್ಬಳಿಂದ ಗಂಟೆಗೆ 20 ಅಂಗಿ ಹೆಚ್ಚಾಯಿತು. ಆದರೆ ಫ್ಲೋಟರ್ ಹೆಸರಿನಲ್ಲಿ ಯಾವ ಆಪರೇಷನ್ನೂ ಇಲ್ಲದಿದ್ದರೆ ಬೋರ್ಡಿನ ಮೇಲೆ ಅವಳ ಉತ್ಪಾದನೆ ಸೊನ್ನೆ. ಮಧ್ಯಾಹ್ನ ತೋಳಿಗೆ, ಸಂಜೆ ಕಾಜಾ-ಗುಂಡಿಗೆ ಓಡಿದವಳ ಇನ್ಸೆಂಟಿವ್ ಶೀಟು ಖಾಲಿ ಉಳಿಯುತ್ತದೆ. ಎದುರು ಅಂಚಿನಲ್ಲಿ ನಿಂತವಳು ಅವಳೇ. ಇದಕ್ಕೆ ಮದ್ದು ಕಷ್ಟದ್ದಲ್ಲ: ಇನ್ಸೆಂಟಿವನ್ನು ಲೈನಿನ ಕೊನೆಯಲ್ಲಿ ಪಾಸಾದ ಪೀಸುಗಳ ಮೇಲೆ ಲೆಕ್ಕ ಹಾಕಿ ಎಲ್ಲರಿಗೂ ಹಂಚುವುದು, ಫ್ಲೋಟರನ್ನು ಆ ಹಂಚಿಕೆಯೊಳಗೆ ಸೇರಿಸುವುದು, ಬಂಡಲ್ಲನ್ನು ಇಪ್ಪತ್ತರಿಂದ ಐದಕ್ಕೋ ಹತ್ತಕ್ಕೋ ಇಳಿಸುವುದು. ಹಂಚಿಕೆಯಲ್ಲಿ ತಾವು ದುಡಿಯದೆ ಪಾಲು ಪಡೆಯುವವರು ಹುಟ್ಟಿಕೊಳ್ಳಬಹುದು ಎಂಬ ಆತಂಕ ನಿಜ. ಅದಕ್ಕೆ ಲೈನನ್ನು ಒಬ್ಬರ ಕೆಲಸ ಇನ್ನೊಬ್ಬರಿಗೆ ಕಾಣುವಷ್ಟು ಚಿಕ್ಕದಾಗಿಡಬೇಕು. ಮೂವತ್ತು ಮಿಷನ್ನಿನ ಒಂದು ಲೈನಿಗಿಂತ ಹತ್ತರ ಮೂರು ಲೈನುಗಳಲ್ಲಿ ಈ ಪದ್ಧತಿ ಚೆನ್ನಾಗಿ ನಡೆಯುತ್ತದೆ.

ಬೆನ್ನ ಮೇಲಿನ ಸಂಖ್ಯೆಗಳ ಬಗ್ಗೆಯೂ ಒಂದು ಮಾತು. ಚಿತ್ರದ ಐವರಿಗೆ ಸಂಖ್ಯೆ ಮಾತ್ರ ಇತ್ತು, ಹೆಸರಿರಲಿಲ್ಲ. ಹೆಸರು ಹೇಳಿಕೊಂಡರೆ ಏನು ಬದಲಾಗುತ್ತದೆ ನೋಡಿ. ಶಸ್ತ್ರಚಿಕಿತ್ಸೆಯ ಸುರಕ್ಷತೆಗೆಂದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಪರಿಶೀಲನಾ ಪಟ್ಟಿಯಲ್ಲಿ 19 ಅಂಶಗಳಿವೆ. ಅರಿವಳಿಕೆ ಕೊಡುವ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿಯನ್ನು ಕೋಣೆಯಿಂದ ಕಳಿಸುವ ಮುನ್ನ ಮೂರು ಸಲ ನಿಲ್ಲಬೇಕು. ಎರಡನೆಯ ನಿಲುಗಡೆಯಲ್ಲಿ ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ತಮ್ಮ ಕೆಲಸ ಹೇಳಬೇಕು. ಶಸ್ತ್ರಚಿಕಿತ್ಸಕ, ಅರಿವಳಿಕೆ ವೈದ್ಯ, ದಾದಿ ತಮ್ಮ ಕಡೆಯ ಆತಂಕವನ್ನು ಬಾಯಿಬಿಟ್ಟು ಹೇಳಬೇಕು. ಒಮ್ಮೆ ಹೆಸರು ಹೇಳಿ ಮಾತಾಡಿದವರು ಆಮೇಲೆ ಏನಾದರೂ ತಪ್ಪು ಕಂಡಾಗ ಬಾಯಿ ತೆರೆಯುವುದು ಸುಲಭ, ಅದಕ್ಕಾಗಿ ಈ ಏರ್ಪಾಡು. ಇದು ಕೆಡುವುದು ಪಟ್ಟಿಯನ್ನು ಒಬ್ಬರೇ ಕೊನೆಯಲ್ಲಿ ಕೂತು ಟಿಕ್ ಹಾಕಿದಾಗ. ಕಾಗದದ ಮೇಲೆ ಹತ್ತೊಂಬತ್ತೂ ಸರಿ ಇರುತ್ತದೆ, ಕೋಣೆಯಲ್ಲಿ ಯಾರೂ ಕೆಲಸ ನಿಲ್ಲಿಸಿ ಮಾತಾಡಿರುವುದಿಲ್ಲ.

ಮತ್ತೆ ಚಿತ್ರಕ್ಕೆ. ತೋರಿಸುವವರಿಗೆ ನಮ್ಮ ಬೇಡಿಕೆ: ಒಂದೇ ಉಸಿರಿಗೆ ತೋರಿಸಬೇಡಿ. ಪೆಟ್ಟಿಗೆ ಅಂಚು ದಾಟಿ ಹಲಗೆಯ ಮೇಲೆ ಬಂದ ಕ್ಷಣ ನಿಲ್ಲಿಸಿ. ಮಾತಾಡಲು ಬಿಡದೆ ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟು, ‘ಈಗಿಂದ ಈ ಐವರ ನಿಯಮ ಏನಿರಬೇಕು?’ ಎಂದು ಮೂರು ನಿಮಿಷ ಬರೆಯಲು ಹೇಳಿ. ಬಾಯಿಮಾತಿನಲ್ಲಿ ಕೇಳಿದರೆ ಮೊದಲು ಕೈಯೆತ್ತಿದವರ ಉತ್ತರವೇ ಎಲ್ಲರದೂ ಆಗಿಬಿಡುತ್ತದೆ. ಅಧಿಕಾರಿಗಳು ಗುಂಪಿನಲ್ಲಿದ್ದರೆ ಅವರನ್ನು ಆಟಗಾರರಾಗಿ ಕೂರಿಸಬೇಡಿ, ಡಬ್ಬಿಗಳ ಬದಲು ಎಲ್ಲರ ಕಣ್ಣೂ ಅವರ ಮೇಲಿರುತ್ತದೆ. ಅವರ ಕೈಗೆ ಗಡಿಯಾರ ಕೊಟ್ಟು ಎಣಿಸಲು ಹೇಳಿ.

ಚೀಟಿಗಳಲ್ಲಿ ಹೆಚ್ಚಾಗಿ ಬರುವ ಉತ್ತರಗಳು ಮೂರು: ಪೆಟ್ಟಿಗೆಯನ್ನು ಎಸೆದುಬಿಡಿ, ಸರದಿ ಹಾಕಿ, ನಡುವೆ ತಂದಿಡಿ. ಎಸೆದುಬಿಡಿ ಎನ್ನುವುದು ಶಾಂತಿಯ ಮಾತಾಗಿ ಕಂಡರೂ ಹೊಸ ಕೆಲಸಕ್ಕೆ ಬಾಗಿಲು ಹಾಕಿದಂತೆ. ಸರದಿ ಆಗುತ್ತದೆ, ಆದರೆ ಒಂದೊಂದು ಸರದಿಗೂ ಐವರೂ ಜಾಗ ಬದಲಿಸಬೇಕು, ಬದಲಿಸುವಾಗಲೇ ಅಪಾಯ ಹೆಚ್ಚು. ಬಹಳ ಗುಂಪುಗಳು ತಡವಾಗಿ ಕಾಣುವುದು ಮೂರನೆಯದನ್ನು. ನಟ್ಟನಡುವೆ ಇದ್ದರೆ ಪೆಟ್ಟಿಗೆಯ ವಾಲಿಸುವ ಬಲ ಸೊನ್ನೆ. ಐವರೂ ಅದರ ಸುತ್ತ 10 ಸೆಂ.ಮೀ. ವೃತ್ತದ ಮೇಲೆ ಸಮದೂರದಲ್ಲಿ ನಿಲ್ಲಬಹುದು, ಎಲ್ಲರಿಗೂ ಸಂಗೀತ ಒಂದೇ ಹತ್ತಿರ. ತರುವುದು ಹೇಗೆ ಎಂಬುದರಲ್ಲಿದೆ ಕೈಚಳಕ. ಪೆಟ್ಟಿಗೆ ಅಂಚಿನಲ್ಲಿದ್ದು ಎದುರಿಗೆ ಮೂವರು ಸರಿದೂಗಿಸಿ ನಿಂತಿದ್ದಾರೆ ಎನ್ನಿ. ಪೆಟ್ಟಿಗೆ 5 ಸೆಂ.ಮೀ. ಒಳಕ್ಕೆ ಬಂದರೆ ಆ ಮೂವರೂ ತಲಾ 4 ಸೆಂ.ಮೀ.ಯಷ್ಟು ಒಳಬರಬೇಕು. ಪೆಟ್ಟಿಗೆ ತಳ್ಳುವವರು ಅವಸರಪಟ್ಟು ಒಂದೇ ಸಲ 15 ಸೆಂ.ಮೀ. ತಳ್ಳಿದರೆ, ಎದುರು ನಿಂತವರ ಭಾರಕ್ಕೇ ಹಲಗೆ ಅವರ ಕಡೆಗೆ ಉರುಳುತ್ತದೆ. ತಂದವರೇ ಬೀಳಿಸಿದರು ಎಂದು ಆಗ ಎಲ್ಲರೂ ಬೈಯುತ್ತಾರೆ. ‘ಐದು’ ಎಂದು ಕೂಗಿ, ನಿಂತು, ಎದುರಿನವರು ಸರಿದ ಮೇಲೆ ಮತ್ತೆ ‘ಐದು’ ಎನ್ನುವ ಗುಂಪು ನಾಲ್ಕು ಕೂಗಿನಲ್ಲಿ ಪೆಟ್ಟಿಗೆಯನ್ನು ನಡುವೆ ಇಟ್ಟಿರುತ್ತದೆ.

ಕಚೇರಿಗೆ ಇದನ್ನು ಒಯ್ಯಲು ಒಂದು ಹಾಳೆ ಸಾಕು. ಹೊಸ ಕೆಲಸ ಒಪ್ಪಿಕೊಳ್ಳುವ ಮುಂಚೆ ತಂಡ ಕೂತು ಬರೆಯಬೇಕಾದ್ದು: ಇದರ ಭಾರ ಎಷ್ಟು, ಅಂದರೆ ವಾರಕ್ಕೆ ಎಷ್ಟು ಜನರ ಎಷ್ಟು ಗಂಟೆ, ಅದು ಯಾರ ಮೇಜಿನ ಮೇಲೆ ಕೂರುತ್ತದೆ, ಅದಕ್ಕಾಗಿ ಎದುರು ಅಂಚಿಗೆ ಸರಿಯುವವರು ಯಾರು, ಅವರು ಬಿಟ್ಟುಕೊಡುವ ಕೆಲಸ ಯಾವುದು, ಎಷ್ಟು ದಿನಕ್ಕೊಮ್ಮೆ ಜಾಗ ಬದಲಾಗುತ್ತದೆ. ಮೂರನೆಯದರಲ್ಲಿ ‘ಎಲ್ಲರೂ’ ಎಂದು ಬರೆದಿದ್ದರೆ ಹಾಳೆಯನ್ನು ವಾಪಸ್ ಕೊಡಿ, ಅಲ್ಲಿ ಹೆಸರುಗಳೇ ಇರಬೇಕು. ಎರಡು ವಾರಕ್ಕೊಮ್ಮೆ ಹಾಳೆ ತೆಗೆದು ನೋಡಬೇಕು. ವರ್ಷದ ಕೊನೆಯ ಮೌಲ್ಯಮಾಪನಕ್ಕೆ ಕೂತಾಗ ಆ ಮೂರನೆಯ ಸಾಲು ಮೇಜಿನ ಮೇಲಿರಬೇಕು. ವ್ಯವಸ್ಥಾಪಕರು ತಾವೇ ತುಂಬಿ ಸಹಿ ಹಾಕಿಸಿಕೊಂಡರೆ ಇದು ಇನ್ನೊಂದು ಹಾಜರಿ ಪುಸ್ತಕವಾಗುತ್ತದೆ, ಅಷ್ಟೇ.

ಕಡೆಯದಾಗಿ, ಚಿತ್ರದ ಉಳಿದ ಭಾಗ ತೋರಿಸಿದ ಮೇಲೆ ಮುಚ್ಚಳದ ಮೇಲಿನ ಹಲಗೆಗೆ ಮತ್ತೆ ಬನ್ನಿ. ಪೆಟ್ಟಿಗೆಯನ್ನು ಅಂಚಿನ ವೃತ್ತದ ಮೇಲಿಟ್ಟು, ಅದರ ಪಕ್ಕ ಒಂದು ಡಬ್ಬಿ, ಎದುರು ಅಂಚಿನಲ್ಲಿ ನಾಲ್ಕು ಡಬ್ಬಿ ಇಡಿ. ಈಗ ಎದುರು ಅಂಚಿನಿಂದ ಒಂದೊಂದಾಗಿ ಡಬ್ಬಿ ತೆಗೆಯಲು ಗುಂಪಿಗೆ ಹೇಳಿ, ಹಲಗೆಯ ಅಂಚನ್ನು ಬೆರಳಿನಿಂದ ಹಗುರವಾಗಿ ಆನಿಸಿಕೊಂಡಿರಿ. ಮೊದಲನೆಯದನ್ನು ತೆಗೆದಾಗ 14,000ಕ್ಕೆ ಎದುರಾಗಿ 12,000 ಉಳಿಯುತ್ತದೆ, ಮುಚ್ಚಳದ ಅಗಲ ಆ ಕೊರತೆಯನ್ನು ತಡೆದುಕೊಳ್ಳುತ್ತದೆ, ಹಲಗೆ ನಿಂತಿರುತ್ತದೆ. ಎರಡನೆಯದನ್ನು ತೆಗೆದಾಗ ಉಳಿಯುವುದು 8,000. ಬೆರಳಿಗೆ ಭಾರ ಬರುತ್ತದೆ. ಪೆಟ್ಟಿಗೆಯ ಪಕ್ಕದ ಡಬ್ಬಿಯನ್ನು ಅಲ್ಲಿಂದ ಎತ್ತಿ ನಡುವಿಗಾದರೂ ಒಯ್ಯದೆ ಬೆರಳು ತೆಗೆಯುವಂತಿಲ್ಲ. ಪೆಟ್ಟಿಗೆ ಅಂಚಿನಲ್ಲೇ ಇರುವವರೆಗೆ ಅದರ ಹತ್ತಿರ ಇನ್ನು ಯಾರೂ ನಿಲ್ಲಲಾರರು ಎಂಬುದು ತೀರ್ಮಾನವಾಗುವುದು ಕೊನೆಯವನು ಒಂಟಿಯಾದಾಗ ಅಲ್ಲ, ಇಲ್ಲಿ. ಆ ಹೊತ್ತಿಗೆ ಹಲಗೆಯ ಮೇಲೆ ಇನ್ನೂ ಮೂವರಿದ್ದಾರೆ.

ಇತಿ,
ತಂಡ ತರಬೇತಿಯಲ್ಲಿ ತೊಡಗಿರುವ ಇಬ್ಬರು ಓದುಗರು
ಮೈಸೂರು